ಸೂಜಿ 6ಕ್ಕೆ, ಉಪ್ಪಿಟ್ಟು 9ಕ್ಕೆ!

ದೊಡ್ಡಾಸ್ಪತ್ರೆಯ ಗಂಡಸರ ವಾರ್ಡಿನಲ್ಲಿ ಬೆಳಗಿನ 6 ಗಂಟೆಗೆ ಲೈಟು ಹಾಕುತ್ತಾರೆ. ಹಿಂದೆಯೇ ಟ್ರೇ ಹಿಡಿದು ಸಿಸ್ಟರ್ ಬರುತ್ತಾರೆ. ರಾತ್ರಿ ಪಾಳಿ ಮುಗಿಸಿ 8ಕ್ಕೆ ಮನೆಗೆ ಹೊರಡಬೇಕಾದವರು. ಹೊರಡುವ ಮುಂಚೆ ಚಾರ್ಟಿನಲ್ಲಿ ಬರೆದದ್ದನ್ನೆಲ್ಲ ಮುಗಿಸಲೇಬೇಕು. ಸಕ್ಕರೆ ಕಾಯಿಲೆಯವರಿಗೆ ಇನ್ಸುಲಿನ್ ಚುಚ್ಚಿ, ಒಂದು ಟಿಕ್ ಹಾಕಿ, ಮುಂದಿನ ಮಂಚಕ್ಕೆ ನಡೆಯುತ್ತಾರೆ. ಕೆಲಸ ಚೊಕ್ಕ!

ಉಪ್ಪಿಟ್ಟಿನ ಗಾಡಿ ಬರುವುದು ಮಾತ್ರ ಎಂಟೂವರೆಗೆ. ಅದೂ ಗುತ್ತಿಗೆದಾರರ ಆಟೋ ಸರಿಯಾಗಿದ್ದರೆ. ಟೈರು ಪಂಕ್ಚರ್ ಆದರೆ ಒಂಬತ್ತು. ಗುತ್ತಿಗೆದಾರರ ಮನೆಯಲ್ಲಿ ಹಬ್ಬವೋ ನಾಮಕರಣವೋ ಇದ್ದರೆ ದೇವರೇ ಗತಿ.

ಅಲ್ಲಾ ಸ್ವಾಮಿ, ಸೂಜಿಗೂ ಉಪ್ಪಿಟ್ಟಿಗೂ ಏನು ಸಂಬಂಧ ಅಂತ ಕೇಳುವವರಿದ್ದಾರೆ. ಹಾಗೆ ಕೇಳುವವರಲ್ಲಿ ಆಸ್ಪತ್ರೆಯ ಸಿಬ್ಬಂದಿಯೂ ಇದ್ದಾರೆ ಅನ್ನುವುದೇ ಈ ವಾರದ ವಿಷಯ.

ಮಂಡಿ ಗುಮಾಸ್ತರ ಪಾಡು

ಬೆಲ್ಲದ ಮಂಡಿಯಲ್ಲಿ ಮೂವತ್ತು ವರ್ಷ ಲೆಕ್ಕ ಬರೆದ ಗುಮಾಸ್ತರೊಬ್ಬರು. ವಯಸ್ಸು ಅರವತ್ತು ದಾಟಿದೆ. ಕಾಲಿನ ಹುಣ್ಣು ವಾಸಿಯಾಗಲಿಲ್ಲ ಅಂತ ದೊಡ್ಡಾಸ್ಪತ್ರೆಗೆ ಸೇರಿದರು. ಸೇರಿದ ದಿನ ರಕ್ತದಲ್ಲಿ ಸಕ್ಕರೆ ಮುನ್ನೂರರ ಮೇಲಿತ್ತು. ಡಾಕ್ಟರು ಇನ್ಸುಲಿನ್ ಬರೆದರು. ಅದು ಸರಿಯಾದ ಕೆಲಸವೇ.

ನಾಲ್ಕನೇ ದಿನ ಬೆಳಿಗ್ಗೆ 6ಕ್ಕೆ ಎಂದಿನಂತೆ ಸೂಜಿ ಬಿತ್ತು. ಸೂಜಿಗೆ ಮುಂಚೆ ಬೆರಳು ಚುಚ್ಚಿ ಸಕ್ಕರೆ ನೋಡಬೇಕಿತ್ತು. ಆದರೆ ಮಿಷನ್ನಿಗೆ ಹಾಕುವ ಪಟ್ಟಿ ಎರಡು ದಿನದಿಂದ ಸ್ಟಾಕ್ ಇಲ್ಲ. ಹಿಂದಿನ ರಾತ್ರಿ ಗುಮಾಸ್ತರು ಊಟ ಸೇರದೆ ಅರ್ಧ ತಟ್ಟೆ ಬಿಟ್ಟಿದ್ದರು. ಅದನ್ನು ಯಾರೂ ಬರೆದುಕೊಂಡಿರಲಿಲ್ಲ. ಚಾರ್ಟಿನಲ್ಲಿ ಬರೆದಿದ್ದು 20, ಚುಚ್ಚಿದ್ದೂ 20.

ಎಂಟೂಕಾಲಿಗೆ ಅವರ ಮೈ ಬೆವರಿನಿಂದ ತೊಯ್ದುಹೋಯಿತು. ಕೈ ನಡುಗಲು ಶುರುವಾಯಿತು. ಮಂಚದ ದುಪ್ಪಟಿ ಎಳೆದಾಡುತ್ತಾ, ಯಾವುದೋ ಹಳೇ ಬಾಕಿ ಲೆಕ್ಕ ಹೇಳುತ್ತಾ, ಎದುರಿಗಿದ್ದ ಅಟೆಂಡರ್‌ನನ್ನು ಯಾರೆಂದು ತಿಳಿದೋ ಏನೋ ಬಾಯಿಗೆ ಬಂದಂತೆ ಬೈದರು. ಅಟೆಂಡರ್ ಹೇಳಿದ್ದು ಒಂದೇ ಮಾತು: "ರಾತ್ರಿ ಯಾರೋ ತಂದುಕೊಟ್ಟಿದಾರೆ, ಹಾಕ್ಕೊಂಡಿದಾನೆ ಯಜಮಾನ."

ಆ ಹೊತ್ತಿಗೆ ಸಿಸ್ಟರುಗಳು ಡ್ಯೂಟಿ ರೂಮಿನಲ್ಲಿ. ರಾತ್ರಿ ಪಾಳಿಯವರು ಹಗಲು ಪಾಳಿಯವರಿಗೆ ಚಾರ್ಜು ಒಪ್ಪಿಸುವ ಸಮಯ ಅದು. ಪಕ್ಕದ ಮಂಚದಲ್ಲಿ ಮಗನನ್ನು ನೋಡಿಕೊಳ್ಳಲು ಕೂತಿದ್ದ ಹೂ ಮಾರುವ ಹೆಂಗಸು ಎದ್ದು ಬಂದಳು. ಗುಮಾಸ್ತರ ಹಣೆ ಮುಟ್ಟಿ ನೋಡಿದಳು. ಚೀಲದಲ್ಲಿದ್ದ ಬೆಲ್ಲ ಮುರಿದು, "ಚೀಪಣ್ಣಾ, ಚೀಪು, ಏನೂ ಆಗಲ್ಲ" ಅಂತ ಬಾಯಿಗಿಟ್ಟಳು. ಲೋಟದ ನೀರಿಗೂ ಒಂದಿಷ್ಟು ಕದಡಿ ಗುಟುಕು ಗುಟುಕಾಗಿ ಕುಡಿಸಿದಳು. ಹತ್ತು ಹದಿನೈದು ನಿಮಿಷಕ್ಕೆ ಗುಮಾಸ್ತರು ಕಣ್ಣುಜ್ಜಿಕೊಂಡು, "ಟೈಮೆಷ್ಟಮ್ಮಾ?" ಅಂದರು.

ಅಷ್ಟರಲ್ಲಿ ಸಿಸ್ಟರ್ ಬಂದರು. ಬೆಲ್ಲ ಕಂಡು ಕಿಡಿಕಿಡಿಯಾದರು. "ಸಕ್ಕರೆ ಕಾಯಿಲೆಯವರಿಗೆ ಬೆಲ್ಲ ಕೊಡ್ತೀಯಲ್ಲಾ, ಸಾಯಿಸಬೇಕು ಅಂತಿದೀಯಾ?"

ಹೂವಿನವಳು ಹೇಳಿದಳು: "ಸಾಯ್ತಾ ಇದ್ರು ಕಣವ್ವ, ಅದಕ್ಕೇ ಕೊಟ್ಟೆ. ನಮ್ಮ ಯಜಮಾನ್ರಿಗೂ ಹಿಂಗೇ ಆಗ್ತಿತ್ತು."

ಏರಿದರೆ ವರ್ಷ, ಇಳಿದರೆ ನಿಮಿಷ

ಹೂವಿನವಳ ಮಾತು ಸರಿ, ಸಿಸ್ಟರ್ ಮಾತು ತಪ್ಪು. ಇದರಲ್ಲಿ ಎರಡು ಅಭಿಪ್ರಾಯಕ್ಕೆ ಜಾಗವಿಲ್ಲ.

ಸಕ್ಕರೆ ಕಾಯಿಲೆ ಅಂದ ಕೂಡಲೇ ಎಲ್ಲರಿಗೂ ಸಕ್ಕರೆ ಏರುವ ಭಯ. ಏರಿದ ಸಕ್ಕರೆ ಕಣ್ಣು, ಮೂತ್ರಪಿಂಡ, ನರ, ಹೃದಯ ಎಲ್ಲವನ್ನೂ ತಿನ್ನುತ್ತದೆ, ನಿಜ. ಆದರೆ ಸಾಮಾನ್ಯವಾಗಿ ಅದಕ್ಕೆ ವರ್ಷಗಟ್ಟಲೆ ಹಿಡಿಯುತ್ತದೆ. ಇಳಿದ ಸಕ್ಕರೆ ನಿಮಿಷಗಳ ಲೆಕ್ಕದಲ್ಲಿ ಕೆಲಸ ಮುಗಿಸುತ್ತದೆ. ಮೆದುಳಿಗೆ ಬೇಕಾದ ಇಂಧನವೇ ರಕ್ತದ ಸಕ್ಕರೆ. ಅದು 70ಕ್ಕಿಂತ ಕೆಳಗಿಳಿದರೆ ಬೆವರು, ನಡುಕ, ಎದೆಬಡಿತ, ತಾಳಲಾರದ ಹಸಿವು. ಇನ್ನೂ ಇಳಿದರೆ ಮಾತು ತೊದಲುತ್ತದೆ, ಗುರುತು ತಪ್ಪುತ್ತದೆ, ಫಿಟ್ಸು ಬರುತ್ತದೆ, ಎಚ್ಚರ ತಪ್ಪುತ್ತದೆ. ಆಮೇಲೆ ಜೀವ.

ವಾರ್ಡಿನಲ್ಲಿ ಸಾಮಾನ್ಯವಾಗಿ ಬಳಸುವ ಇನ್ಸುಲಿನ್ ಊಟಕ್ಕೆ ಸುಮಾರು ಅರ್ಧ ಗಂಟೆ ಮುಂಚೆ ಕೊಡಬೇಕಾದದ್ದು. ಸೂಜಿ ಬಿದ್ದ ಅರ್ಧ ಗಂಟೆಗೆ ಅದು ಕೆಲಸ ಶುರು ಮಾಡುತ್ತದೆ. ಎರಡು ಮೂರು ಗಂಟೆ ಹೊತ್ತಿಗೆ ಪೂರಾ ಬಿರುಸಿನಲ್ಲಿರುತ್ತದೆ. ಹೊಟ್ಟೆಯಲ್ಲಿ ಉಪ್ಪಿಟ್ಟಿದ್ದರೆ ಅದರ ಸಕ್ಕರೆಯನ್ನು ಇಳಿಸುತ್ತದೆ. ಇಲ್ಲದಿದ್ದರೆ ರಕ್ತದಲ್ಲಿ ಇದ್ದಷ್ಟನ್ನೂ ಬಳಿದು ಹಾಕುತ್ತದೆ. 6ಕ್ಕೆ ಸೂಜಿ ಚುಚ್ಚಿ 9ಕ್ಕೆ ತಟ್ಟೆ ಕೊಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಡಾಕ್ಟರಿಕೆ ಓದಬೇಕಾಗಿಲ್ಲ.

ಸಕ್ಕರೆ ಇಳಿದವರಿಗೆ ಮಾಡಬೇಕಾದದ್ದೂ ಸಲೀಸು. ಎಚ್ಚರವಿದ್ದರೆ ಮೂರು ಚಮಚ ಸಕ್ಕರೆಯನ್ನೋ ಗ್ಲೂಕೋಸ್ ಪುಡಿಯನ್ನೋ ನೀರಿಗೆ ಕದಡಿ ಕುಡಿಸಬೇಕು. 15 ನಿಮಿಷ ಬಿಟ್ಟು ಮತ್ತೆ ಬೆರಳು ಚುಚ್ಚಿ ನೋಡಬೇಕು. ಏರಿಲ್ಲವಾದರೆ ಇನ್ನೊಮ್ಮೆ ಕೊಡಬೇಕು. ಏರಿದ ಮೇಲೆ ಹೊಟ್ಟೆಗೆ ಏನಾದರೂ ಹಾಕಬೇಕು. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನೂ ಹಾಕಕೂಡದು, ಉಸಿರಿನ ದಾರಿಗೆ ಹೋಗುತ್ತದೆ. ಅಂಥವರಿಗೆ ರಕ್ತನಾಳಕ್ಕೇ ಗ್ಲೂಕೋಸ್ ಏರಿಸಬೇಕು.

ಇನ್ನೂ ಒಂದುಂಟು. ಸಕ್ಕರೆ ಇಳಿಸುವ ಕೆಲವು ಮಾತ್ರೆಗಳಿಂದ ವಯಸ್ಸಾದವರಿಗೆ, ಮೂತ್ರಪಿಂಡ ಸೋತವರಿಗೆ ಹೀಗಾದರೆ, ಒಮ್ಮೆ ಸರಿಹೋದ ಮೇಲೂ ಕೆಲವು ಗಂಟೆ ಬಿಟ್ಟು ಮತ್ತೆ ಇಳಿಯುತ್ತದೆ. ಒಂದು ದಿನವಾದರೂ ಕಣ್ಣಿಟ್ಟಿರಬೇಕು. "ಈಗ ಸರಿಹೋದ್ರಲ್ಲಾ, ಮನೆಗೆ ಹೊರಡಿ" ಅನ್ನುವುದು ಅಪಾಯ.

ಸೇರು ಬದಲಾದರೆ ಅಂಗಡಿ ಗತಿಯೇನು?

ಮಂಡಿಪೇಟೆಯ ವ್ಯಾಪಾರಸ್ಥರಿಗೆ ಇದು ಬೇಗ ಅರ್ಥವಾಗುತ್ತದೆ. ಪಾವಿನಲ್ಲಿ ಅಳೆಯಬೇಕಾದದ್ದನ್ನು ಸೇರಿನಲ್ಲಿ ಅಳೆದು ಕೊಟ್ಟರೆ ಸಾಯಂಕಾಲಕ್ಕೆ ಗಲ್ಲಾಪೆಟ್ಟಿಗೆ ಏನಾದೀತು? ಅಂಗಡಿಯಲ್ಲಿ ದುಡ್ಡು ಹೋಗುತ್ತದೆ, ವಾರ್ಡಿನಲ್ಲಿ ಮನುಷ್ಯ ಹೋಗುತ್ತಾನೆ.

ಇನ್ಸುಲಿನ್ ಸಾಮಾನ್ಯವಾಗಿ ಎರಡು ಗಟ್ಟಿಯಲ್ಲಿ ಬರುತ್ತದೆ. ಒಂದು 40ರದು, ಅಂದರೆ ಒಂದು ಮಿಲಿಯಲ್ಲಿ 40 ಯೂನಿಟ್. ಇನ್ನೊಂದು 100ರದು, ಒಂದು ಮಿಲಿಯಲ್ಲಿ 100 ಯೂನಿಟ್. ಪೆನ್ನಿನಲ್ಲಿ ಬರುವುದು ಸಾಮಾನ್ಯವಾಗಿ 100ರದು. ಇವಕ್ಕೆ ಸಿರಿಂಜೂ ಬೇರೆ ಬೇರೆ. 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ ಮುಚ್ಚಳ. ಎರಡೂ ಪಕ್ಕದಲ್ಲಿಟ್ಟರೆ ಅಣ್ಣ ತಮ್ಮಂದಿರ ಹಾಗೇ ಕಾಣುತ್ತವೆ.

100ರ ಇನ್ಸುಲಿನ್ನನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೀಟಿನ ತನಕ ಎಳೆದರೆ ಮೈಗೆ ಹೋಗುವುದು 20 ಅಲ್ಲ, 50 ಯೂನಿಟ್. ಎರಡೂವರೆ ಪಟ್ಟು! ಉಲ್ಟಾ ಆದರೆ, ಅಂದರೆ 40ರ ಇನ್ಸುಲಿನ್ನನ್ನು ಕಿತ್ತಳೆ ಸಿರಿಂಜಿನಲ್ಲಿ ಎಳೆದರೆ, 20 ಬೇಕಾದ ಕಡೆ 8 ಯೂನಿಟ್ ಮಾತ್ರ ಹೋಗುತ್ತದೆ. ರೋಗಿ ಮನೆಯಿಂದ ತಂದ ಪೆನ್ನಿಗೆ ಸೂಜಿಯಿಲ್ಲ ಅಂತ ಅದರೊಳಗಿನ ಔಷಧವನ್ನೇ ವಾರ್ಡಿನ ಸಿರಿಂಜಿನಲ್ಲಿ ಎಳೆಯುವ ಚಾಳಿ ಎಷ್ಟು ಅಪಾಯ ಅಂತ ಈ ಲೆಕ್ಕವೇ ಹೇಳುತ್ತದೆ.

ಡಾಕ್ಟರುಗಳ ಕೈಬರಹದ ಪುರಾಣ ಬೇರೆ. ಯೂನಿಟ್ ಅನ್ನುವುದನ್ನು ಪೂರ್ತಿ ಬರೆಯದೆ ಇಂಗ್ಲಿಷಿನ 'ಯು' ಒಂದೇ ಅಕ್ಷರ ಗೀಚಿದರೆ ಅದು ಸೊನ್ನೆಯ ಹಾಗೆ ಕಾಣುತ್ತದೆ. 4 ಯೂನಿಟ್ ಹೋಗಿ 40 ಆಗುತ್ತದೆ. ಬೇರೆ ಬೇರೆ ದೇಶಗಳ ಆಸ್ಪತ್ರೆಗಳಲ್ಲಿ ಈ ಒಂದಕ್ಷರದಿಂದ ಅನಾಹುತಗಳಾಗಿ, ಹಾಗೆ ಬರೆಯಕೂಡದು ಅಂತಲೇ ನಿಯಮ ಮಾಡಿದ್ದಾರೆ. ಇಲ್ಲಿಯ ಚಾರ್ಟುಗಳಲ್ಲಿ ಇನ್ನೂ ಅದೇ ಗೀಚು.

ಇನ್ನು ಬಾಟಲಿ ಇಡುವ ರೀತಿ. ಇನ್ಸುಲಿನ್ 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕು, ಹೆಪ್ಪುಗಟ್ಟಬಾರದು. ಹೆಪ್ಪುಗಟ್ಟಿದ್ದು ಕರಗಿದರೂ ಚರಂಡಿಗೇ ಲಾಯಕ್ಕು. ಮುಚ್ಚಳ ತೆಗೆದ ಬಾಟಲಿಯನ್ನು ಬಿಸಿಲು ತಾಕದ ಕಡೆ ಇಟ್ಟರೆ ಸುಮಾರು ಒಂದು ತಿಂಗಳು ಬಳಸಬಹುದು. ಆದರೆ ಯಾವತ್ತು ತೆಗೆದದ್ದು ಅಂತ ಬಾಟಲಿಯ ಮೇಲೆ ತಾರೀಖು ಬರೆದಿರಬೇಕು. ದೊಡ್ಡಾಸ್ಪತ್ರೆಯ ವಾರ್ಡಿನ ಫ್ರಿಜ್ಜಿನಲ್ಲಿ ಇನ್ಸುಲಿನ್ ಬಾಟಲಿಯ ಪಕ್ಕ ಸಿಬ್ಬಂದಿಯ ಮೊಸರನ್ನದ ಡಬ್ಬಿ ಇರುತ್ತದೆ. ಡಬ್ಬಿಯ ಮೇಲೆ ಹೆಸರಿರುತ್ತದೆ, ಬಾಟಲಿಯ ಮೇಲೆ ತಾರೀಖಿಲ್ಲ!

ಮುಖ ನೋಡುತ್ತಾರೆ, ಪಾದ ನೋಡುವುದಿಲ್ಲ

ಗುಮಾಸ್ತರು ಆಸ್ಪತ್ರೆ ಸೇರಿದ್ದೇ ಕಾಲಿನ ಹುಣ್ಣಿಗೆ. ಹುಣ್ಣಿದ್ದ ಎಡಗಾಲಿಗೆ ದಿನಾ ಬ್ಯಾಂಡೇಜು ಕಟ್ಟಿದರು. ಬಲಗಾಲಿನ ಕಿರುಬೆರಳ ಸಂದಿನಲ್ಲಿ ಚರ್ಮ ಬಿರಿದು ಕೀವು ಕಟ್ಟಿದ್ದು ಆರನೇ ದಿನ ಗೊತ್ತಾಯಿತು. ಅದನ್ನು ಕಂಡವರು ಡಾಕ್ಟರೂ ಅಲ್ಲ, ಸಿಸ್ಟರೂ ಅಲ್ಲ, ಸ್ನಾನ ಮಾಡಿಸಲು ಬಂದ ಮಗಳು.

ಬಹಳ ವರ್ಷ ಸಕ್ಕರೆ ಹೆಚ್ಚಿದ್ದವರ ಪಾದದ ನರ ಸತ್ತಿರುತ್ತದೆ. ಮೊಳೆ ಚುಚ್ಚಿದರೂ ಗೊತ್ತಾಗುವುದಿಲ್ಲ, ಚಪ್ಪಲಿ ಕಚ್ಚಿದರೂ ಗೊತ್ತಾಗುವುದಿಲ್ಲ. ನೋವಿಲ್ಲ ಅಂತ ರೋಗಿ ಸುಮ್ಮನಿರುತ್ತಾನೆ. ನೋವಿಲ್ಲದಿರುವುದೇ ಕಾಯಿಲೆ ಅಂತ ಅವನಿಗೆ ಹೇಳಿದವರಿಲ್ಲ. ಹುಣ್ಣು ಮೂಳೆಗಿಳಿದ ಮೇಲೆ ಬೆರಳು, ಆಮೇಲೆ ಪಾದ, ಆಮೇಲೆ ಮೊಣಕಾಲಿನ ಕೆಳಗೆ. ಹೀಗೆ ಕಾಲು ಹೋದವರಲ್ಲಿ ಹೆಚ್ಚಿನವರದ್ದು ಮೊದಲು ಸಣ್ಣ ಗಾಯವೇ. ಆಗಲೇ ಕಂಡಿದ್ದರೆ ಬಹಳಷ್ಟು ಕಾಲು ಉಳಿಯುತ್ತಿದ್ದವು.

ನರ ಸತ್ತಿದೆಯೋ ಇಲ್ಲವೋ ನೋಡಲು ದೊಡ್ಡ ಮಿಷನ್ನು ಬೇಡ. 10 ಗ್ರಾಮ್ ಒತ್ತಡಕ್ಕೆ ಬಾಗುವ ಒಂದು ನೈಲಾನ್ ಎಳೆ ಸಾಕು. ರೋಗಿಗೆ ಕಣ್ಣು ಮುಚ್ಚಲು ಹೇಳಿ, ಪಾದದ ಕೆಲವು ಕಡೆ ಒತ್ತಿ, "ಗೊತ್ತಾಗ್ತಾ ಇದೆಯಾ?" ಅಂತ ಕೇಳಬೇಕು. ಐದು ನಿಮಿಷದ ಕೆಲಸ. ಎಳೆ ಇಲ್ಲದಿದ್ದರೂ ಬೆರಳ ಸಂದು ಬಿಡಿಸಿ ನೋಡಲು ಕಣ್ಣಿದ್ದರೆ ಸಾಕು.

ಬೈಗುಳವೇ ಔಷಧಿ

ತಿಳಿವಳಿಕೆಯ ಕೊರತೆ ಒಂದು ಕಡೆ, ಮನಸ್ಸಿನ ಧೋರಣೆ ಇನ್ನೊಂದು ಕಡೆ. ಬೇರೆ ಕಾಯಿಲೆಯವರು ಆಸ್ಪತ್ರೆಗೆ ಬಂದರೆ ಅಯ್ಯೋ ಪಾಪ ಅನ್ನುತ್ತಾರೆ. ಸಕ್ಕರೆ ಕಾಯಿಲೆಯವರು ಬಂದರೆ ಅಪರಾಧಿ ಬಂದ ಹಾಗೆ ನೋಡುತ್ತಾರೆ.

"ಏನಜ್ಜಾ, ಹಬ್ಬದಲ್ಲಿ ಒಬ್ಬಟ್ಟು ಬಾರಿಸಿದ್ಯಾ?" "ಬಾಯಿ ಕಟ್ಟಕ್ಕಾಗಲ್ವೇನಮ್ಮಾ ನಿಂಗೆ?" "ಎಷ್ಟು ಸಲ ಹೇಳೋದು ನಿಮಗೆಲ್ಲಾ?" ಓಪಿಡಿಯ ಸಾಲಿನಲ್ಲಿ ಹತ್ತು ಜನರ ಎದುರು ಹೀಗೆ ಕೇಳಿಸಿಕೊಂಡವರು ಮುಂದಿನ ಸಲ ಎರಡರಲ್ಲಿ ಒಂದು ಮಾಡುತ್ತಾರೆ. ಸುಳ್ಳು ಹೇಳುತ್ತಾರೆ, ಇಲ್ಲವೇ ಬರುವುದನ್ನೇ ಬಿಡುತ್ತಾರೆ. ಮಾತ್ರೆ ತಪ್ಪಿಸಿದ್ದನ್ನು ಮುಚ್ಚಿಟ್ಟರೆ ಡಾಕ್ಟರು ಮಾತ್ರೆ ಸಾಲದು ಅಂತ ತಿಳಿದು ಜಾಸ್ತಿ ಬರೆಯುತ್ತಾರೆ. ಆಗ ಆ ರೋಗಿ ಭಯಕ್ಕೆ ಅಷ್ಟನ್ನೂ ನುಂಗಿದರೆ ಸಕ್ಕರೆ ಪಾತಾಳಕ್ಕೆ. ಬೈಗುಳ ಹೀಗೆ ತಿರುಗಿ ಬಂದು ಹೊಡೆಯುತ್ತದೆ.

ಮಕ್ಕಳ ವಾರ್ಡಿನಲ್ಲಿ ಇನ್ನೂ ಬೇಸರದ ಮಾತು ಕೇಳಬೇಕು. ಒಂಬತ್ತು ವರ್ಷದ ಹುಡುಗಿಗೆ ಸಕ್ಕರೆ ಕಾಯಿಲೆ ಅಂತ ತಿಳಿದಾಗ ಅಲ್ಲಿದ್ದವರೊಬ್ಬರು ತಾಯಿಯನ್ನು ಕೇಳಿದ್ದು: "ಇಷ್ಟು ಚಿಕ್ಕ ಮಗೂಗೆ ಅದೇನು ತಿನ್ನಿಸ್ತಿದ್ರಿ?" ಮಕ್ಕಳಿಗೆ ಹೆಚ್ಚಾಗಿ ಬರುವ ಈ ಬಗೆ ಚಾಕೊಲೇಟಿನಿಂದಲೂ ಬರುವುದಿಲ್ಲ, ಮಿಠಾಯಿಯಿಂದಲೂ ಬರುವುದಿಲ್ಲ. ಮೈಯ ಕಾವಲು ಪಡೆಯೇ ದಾರಿ ತಪ್ಪಿ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ನಾಶ ಮಾಡುವುದರಿಂದ ಬರುತ್ತದೆ. ತಾಯಿಯ ತಪ್ಪು ಅದರಲ್ಲಿ ಎಳ್ಳಷ್ಟೂ ಇಲ್ಲ.

"ಇನ್ಸುಲಿನ್ ಶುರು ಮಾಡಿದ್ರಾ? ಹಾಗಾದ್ರೆ ಮುಗೀತು ಬಿಡಿ" ಅನ್ನುವ ಮಾತು ಊರಿನಲ್ಲಿ ಕೇಳಿದರೆ ಸರಿ, ಆಸ್ಪತ್ರೆಯ ವರಾಂಡದಲ್ಲೂ ಕೇಳುತ್ತದೆ. 1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ ಕಂಡುಹಿಡಿಯುವ ಮುಂಚೆ ಈ ಬಗೆಯ ಕಾಯಿಲೆ ಬಂದ ಮಕ್ಕಳು ಬದುಕುತ್ತಿರಲಿಲ್ಲ. 1922ರ ಜನವರಿಯಲ್ಲಿ ಮೊದಲ ಸೂಜಿ ಬಿದ್ದದ್ದು ಸಾಯುವ ಸ್ಥಿತಿಯಲ್ಲಿದ್ದ 14 ವರ್ಷದ ಹುಡುಗನಿಗೆ. ಅವನು ಎದ್ದು ಕೂತ, ಇನ್ನೂ 13 ವರ್ಷ ಬದುಕಿದ. ಕಂಡುಹಿಡಿದವರು ಪೇಟೆಂಟಿನ ಹಕ್ಕನ್ನು ತಲಾ ಒಂದು ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಕೊಟ್ಟುಬಿಟ್ಟರು, ಎಲ್ಲರಿಗೂ ಸಿಗಲಿ ಅಂತ. ಬದುಕಿಸುವ ಸೂಜಿಗೆ ಸಾವಿನ ಸೂಜಿ ಅಂತ ಹೆಸರಿಟ್ಟರೆ ರೋಗಿ ಅದನ್ನು ಮುಟ್ಟುತ್ತಾನೆಯೇ?

ಪಥ್ಯದ ಉಪದೇಶವೂ ಹಾಗೇ. "ಅನ್ನ ಬಿಡಿ, ಮುದ್ದೆ ಎಷ್ಟಾದ್ರೂ ಉಣ್ಣಿ" ಅಂತ ಆಯಾ ಹೇಳುತ್ತಾಳೆ. ಅನ್ನಕ್ಕಿಂತ ರಾಗಿಯಲ್ಲಿ ನಾರು ಜಾಸ್ತಿ, ಒಳ್ಳೆಯದೇ. ಆದರೆ ರಾಗಿಯಲ್ಲೂ ಇರುವುದು ಪಿಷ್ಟವೇ, ಹೊಟ್ಟೆಯೊಳಗೆ ಅದೂ ಸಕ್ಕರೆಯೇ ಆಗುತ್ತದೆ. ಮುದ್ದೆಯ ಗಾತ್ರಕ್ಕೆ ಲೆಕ್ಕ ಬೇಡವೇ? ತಮಾಷೆ ಎಂದರೆ, ಇಷ್ಟೆಲ್ಲ ಉಪದೇಶ ಮಾಡುವ ವಾರ್ಡಿನಲ್ಲೇ ಸಾಯಂಕಾಲ ಎಲ್ಲರಿಗೂ ಒಂದೇ ಕೊಳಗದಿಂದ ಸಕ್ಕರೆ ಹಾಕಿದ ಹಾಲು ಹಂಚುತ್ತಾರೆ!

ಸಿಸ್ಟರನ್ನು ಬೈದರೆ ಮುಗಿಯಿತೆ?

ಇಷ್ಟು ಓದಿದವರು "ಈ ನರ್ಸುಗಳೇ ಹೀಗೆ" ಅಂತ ಪೇಪರು ಮಡಚಿ ಬಸ್ಸು ಹತ್ತಿದರೆ ಅದು ಅನ್ಯಾಯ.

ರಾತ್ರಿ ಪಾಳಿಯಲ್ಲಿ ಇಡೀ ವಾರ್ಡಿಗೆ ಒಬ್ಬರೇ ಸಿಸ್ಟರ್. ಒಂದು ಕಡೆ ಉಸಿರಾಟಕ್ಕೆ ಒದ್ದಾಡುವವರು, ಇನ್ನೊಂದು ಕಡೆ ಹೊಸದಾಗಿ ಬಂದ ಅಪಘಾತದ ಕೇಸು, ಮಧ್ಯೆ ಬರೆಯಬೇಕಾದ ರಿಜಿಸ್ಟರುಗಳು. 6 ಗಂಟೆಗೇ ಸೂಜಿ ಮುಗಿಸದಿದ್ದರೆ 8ಕ್ಕೆ ಬರುವವರು "ನಿಮ್ಮ ಕೆಲಸ ನಮ್ಮ ತಲೆಗೆ ಕಟ್ತೀರಾ" ಅಂತ ಜಗಳಕ್ಕೆ ನಿಲ್ಲುತ್ತಾರೆ. ಉಪ್ಪಿಟ್ಟಿನ ಗಾಡಿ ಹೊತ್ತಿಗೆ ಸರಿಯಾಗಿ ಬಾ ಅಂತ ಗುತ್ತಿಗೆದಾರರಿಗೆ ಹೇಳುವ ಅಧಿಕಾರ ಆಕೆಗಿಲ್ಲ. ಪಟ್ಟಿ ತರಿಸುವ ಅಧಿಕಾರವೂ ಇಲ್ಲ.

ಕಲಿಕೆಯ ಮಾತು ತೆಗೆದರೆ, ನರ್ಸಿಂಗ್ ಶಾಲೆಯಲ್ಲಿ ಸಕ್ಕರೆ ಕಾಯಿಲೆಯ ಪಾಠ ಓದಿ ಪರೀಕ್ಷೆ ಪಾಸು ಮಾಡಿದ್ದು ಹದಿನೈದು ಇಪ್ಪತ್ತು ವರ್ಷದ ಹಿಂದೆ. ಆಮೇಲೆ ಪೆನ್ನು ಬಂತು, ಹೊಸ ಬಗೆಯ ಇನ್ಸುಲಿನ್ ಬಂತು, ಹೊಸ ಮಾತ್ರೆ ಬಂತು. ಕೂರಿಸಿ ಹೇಳಿಕೊಟ್ಟವರಿಲ್ಲ. ಎನ್‌ಸಿಡಿ ಕ್ಲಿನಿಕ್ಕಿಗೆ ಅಂತ ತರಬೇತಿ ಪಡೆದು ಬಂದ ಸಿಸ್ಟರೊಬ್ಬರನ್ನು ಆರೇ ತಿಂಗಳಿಗೆ ಹೆರಿಗೆ ವಾರ್ಡಿಗೆ ಹಾಕಿದರು. ಅವರ ಜಾಗಕ್ಕೆ ಬಂದವರಿಗೆ ಮತ್ತೆ ಅ ಆ ಇ ಈ.

ಇದು ಈ ಊರಿನ ರೋಗ ಮಾತ್ರವಲ್ಲ. 1989ರಲ್ಲೇ ಅಮೆರಿಕದಲ್ಲಿ ನರ್ಸುಗಳಿಗೆ ಸಕ್ಕರೆ ಕಾಯಿಲೆಯ ಬಗ್ಗೆ ಪ್ರಶ್ನೆಪತ್ರಿಕೆ ಕೊಟ್ಟು ನೋಡಿದ್ದರು. ನಿಮಗೆಷ್ಟು ಗೊತ್ತು ಅಂತಲೂ ಕೇಳಿದ್ದರು. ಗೊತ್ತು ಅನ್ನುವ ಧೈರ್ಯ ಹೆಚ್ಚಾದಂತೆ ನಿಜವಾದ ಅಂಕ ಕಡಿಮೆಯಾಗಿ ಕಂಡಿತು. ಗೊತ್ತಿಲ್ಲದಿರುವುದು ದೊಡ್ಡ ತಪ್ಪಲ್ಲ. ಗೊತ್ತಿಲ್ಲ ಅನ್ನುವುದೇ ಗೊತ್ತಿಲ್ಲದಿದ್ದರೆ ಕಷ್ಟ. ಗುಮಾಸ್ತರ ವಾರ್ಡಿನಲ್ಲಿ ಆದದ್ದು ಇದೇ. ಸಿಸ್ಟರ್ ಬೆಲ್ಲ ಕಿತ್ತುಕೊಂಡದ್ದು ಕೆಟ್ಟ ಬುದ್ಧಿಯಿಂದಲ್ಲ, ರೋಗಿಯನ್ನು ಉಳಿಸುತ್ತಿದ್ದೇನೆ ಅನ್ನುವ ಪೂರಾ ನಂಬಿಕೆಯಿಂದ.

ಮೇಲಿನವರು ಏನು ಮಾಡಿದರು? 2010ರಲ್ಲಿ ಕೇಂದ್ರ ಸರ್ಕಾರ ಸಕ್ಕರೆ ಕಾಯಿಲೆ, ಹೃದ್ರೋಗ, ಕ್ಯಾನ್ಸರು, ಲಕ್ವ ಇವುಗಳ ತಡೆಗೆ ರಾಷ್ಟ್ರೀಯ ಕಾರ್ಯಕ್ರಮ ತಂದಿತು. 2024ರಲ್ಲಿ ರಾಜ್ಯ ಸರ್ಕಾರ ಕೋಲಾರ ಜಿಲ್ಲೆಯಿಂದ 'ಗೃಹ ಆರೋಗ್ಯ' ಶುರು ಮಾಡಿ, ಮನೆ ಬಾಗಿಲಲ್ಲೇ ತಪಾಸಣೆ ಅಂದಿತು. ಒಳ್ಳೆಯದೇ. 2023ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ ಪ್ರಕಟವಾಯಿತು. ದೇಶದಲ್ಲಿ ಸುಮಾರು 10.1 ಕೋಟಿ ಜನಕ್ಕೆ ಸಕ್ಕರೆ ಕಾಯಿಲೆ, ಇನ್ನು 13.6 ಕೋಟಿ ಜನ ಅದರ ಹೊಸ್ತಿಲಲ್ಲಿ. ಮನೆ ಮನೆಗೆ ಹೋಗಿ ಹುಡುಕಿ, ಚೀಟಿ ಬರೆದು ದೊಡ್ಡಾಸ್ಪತ್ರೆಗೆ ಕಳಿಸಿದ ಮೇಲೆ, ಅಲ್ಲಿ ಸೂಜಿಗೂ ಉಪ್ಪಿಟ್ಟಿಗೂ ಮೂರು ಗಂಟೆ ಅಂತರವಿದ್ದರೆ ಹುಡುಕಿ ಏನು ಬಂತು?

ಬಸ್ ಸ್ಟಾಂಡಿನಲ್ಲೂ ಇದೇ ಕಥೆ

ಅಟೆಂಡರ್ ಮಾಡಿದ ತಪ್ಪನ್ನು ಊರೂ ದಿನಾ ಮಾಡುತ್ತದೆ. ಮಧ್ಯಾಹ್ನದ ಬಸ್ಸಿನಲ್ಲಿ ಒಬ್ಬರು ತೂರಾಡುತ್ತಾ, ತೊದಲುತ್ತಾ, ಟಿಕೆಟಿಗೆ ಚಿಲ್ಲರೆ ಎಣಿಸಲಾಗದೆ ನಿಂತಿದ್ದರೆ ಕಂಡಕ್ಟರು ಇಳಿಸಿಬಿಡುತ್ತಾರೆ. "ಹಗಲು ಹೊತ್ತಲ್ಲೇ ಶುರು ಹಚ್ಚಿದಾನೆ" ಅಂತ ಪ್ರಯಾಣಿಕರು ನಗುತ್ತಾರೆ. ಕುಡಿದವರೂ ಇರಬಹುದು. ಆದರೆ ಬೆಳಿಗ್ಗೆ ಮಾತ್ರೆ ನುಂಗಿ, ಬಸ್ಸು ತಪ್ಪೀತು ಅಂತ ತಿಂಡಿ ಬಿಟ್ಟು ಓಡಿ ಬಂದವರೂ ಇರಬಹುದು. ಮೈ ತಣ್ಣಗೆ ಬೆವತಿದೆಯೇ, ಕೈ ನಡುಗುತ್ತಿದೆಯೇ ನೋಡಿ. "ಶುಗರ್ ಇದೆಯಾ ಯಜಮಾನ್ರೇ?" ಅಂತ ಕೇಳಿ. ನುಂಗುವಷ್ಟು ಎಚ್ಚರವಿದ್ದರೆ ಸಕ್ಕರೆ ನೀರು ಕುಡಿಸಿ. ಎಚ್ಚರವಿಲ್ಲದಿದ್ದರೆ ಬಾಯಿಗೆ ಏನೂ ಹಾಕದೆ ಮಗ್ಗುಲಿಗೆ ಮಲಗಿಸಿ 108ಕ್ಕೆ ಫೋನು ಮಾಡಿ. ಸಕ್ಕರೆ ಇಳಿದಿತ್ತೋ ಏರಿತ್ತೋ ಗೊತ್ತಾಗಲಿಲ್ಲ ಅಂತ ಹೆದರಬೇಕಾಗಿಲ್ಲ. ಏರಿದ್ದವರಿಗೆ ಮೂರು ಚಮಚ ಸಕ್ಕರೆಯಿಂದ ಆ ಗಳಿಗೆಗೆ ಆಗುವ ಹಾನಿ ಅಲ್ಪ. ಇಳಿದಿದ್ದವರಿಗೆ ಅದು ಪ್ರಾಣ.

ಕಾಯಿಲೆ ಇರುವವರೂ ಜೇಬಿನಲ್ಲಿ ಒಂದು ಚೀಟಿ ಇಟ್ಟುಕೊಳ್ಳಬೇಕು: ಹೆಸರು, ಮನೆಯ ಫೋನ್ ನಂಬರು, ಯಾವ ಮಾತ್ರೆ, ಯಾವ ಇನ್ಸುಲಿನ್, 40ರದೋ 100ರದೋ. ಜೊತೆಗೆ ನಾಲ್ಕು ಗ್ಲೂಕೋಸ್ ಬಿಸ್ಕತ್ತು ಅಥವಾ ಒಂದಿಷ್ಟು ಸಕ್ಕರೆ. ಆಸ್ಪತ್ರೆ ಸೇರುವ ದಿನ ಆ ಚೀಟಿಯನ್ನು ಸಿಸ್ಟರ್ ಕೈಗೆ ಕೊಡಬೇಕು. ಸೂಜಿ ಬಂದಾಗ "ಸಿಸ್ಟರಮ್ಮಾ, ತಿಂಡಿ ಎಷ್ಟೊತ್ತಿಗೆ ಬರುತ್ತೆ?" ಅಂತ ಕೇಳುವುದು ಅಧಿಕಪ್ರಸಂಗವಲ್ಲ.

ಟೆಂಡರಿನಲ್ಲಿ ಒಂದು ಸಾಲು

ಇದಕ್ಕೆಲ್ಲ ಕೋಟಿ ರೂಪಾಯಿ ಬೇಡ, ಮಂತ್ರಿಗಳ ಶಂಕುಸ್ಥಾಪನೆಯೂ ಬೇಡ. ಬೇಕಾದದ್ದು ಇಷ್ಟು.

ಒಂದು, ತಿಂಡಿಯ ಗಾಡಿ ಗೇಟು ದಾಟಿತು ಅಂತ ಖಾತ್ರಿಯಾಗದೆ ಇನ್ಸುಲಿನ್ ಸೂಜಿ ಹಾಕಕೂಡದು. ಬೆರಳು ಚುಚ್ಚಿ ನೋಡದೆಯೂ ಹಾಕಕೂಡದು.

ಎರಡು, ಪ್ರತಿ ವಾರ್ಡಿನಲ್ಲಿ ಬೀಗ ಹಾಕದ ಒಂದು ಡಬ್ಬಿ ಇರಬೇಕು. ಅದರಲ್ಲಿ ಗ್ಲೂಕೋಸ್ ಪುಡಿ, ಸಕ್ಕರೆ ನೋಡುವ ಮಿಷನ್ನು, ಪಟ್ಟಿ, ರಕ್ತನಾಳಕ್ಕೆ ಕೊಡುವ ಗ್ಲೂಕೋಸು. ಏನು ಮಾಡಬೇಕು ಅಂತ ಕನ್ನಡದಲ್ಲಿ ದಪ್ಪ ಅಕ್ಷರದ ಹಲಗೆ. ಪಟ್ಟಿ ಮುಗಿದರೆ ಬೆಂಗಳೂರಿನ ಕಡೆ ನೋಡುತ್ತಾ ಕೂರದೆ ಆರೋಗ್ಯ ರಕ್ಷಾ ಸಮಿತಿಯ ಹಣದಿಂದ ಅಂದೇ ತರಿಸಬೇಕು.

ಮೂರು, ಸಕ್ಕರೆ ಕಾಯಿಲೆಯವರು ಯಾವ ಕಾರಣಕ್ಕೆ ಸೇರಿದರೂ ಮೊದಲ ದಿನವೇ ಎರಡೂ ಪಾದ ತೊಳೆಸಿ, ಬೆರಳ ಸಂದು ನೋಡಿ ಚಾರ್ಟಿನಲ್ಲಿ ಬರೆಯಬೇಕು.

ನಾಲ್ಕು, ತಿಂಗಳಿಗೊಂದು ದಿನ ಒಂದು ಗಂಟೆ ಪಾಠ. ಸಿಸ್ಟರುಗಳ ಜೊತೆ ಅಟೆಂಡರು, ಆಯಾ, ಊಟದ ಗುತ್ತಿಗೆಯವರು, ಹೊಸ ಡಾಕ್ಟರುಗಳು ಎಲ್ಲರೂ ಕೂರಬೇಕು. ಕೊನೆಗೆ ಹತ್ತು ಪ್ರಶ್ನೆ. ತಪ್ಪಿದರೆ ಶಿಕ್ಷೆ ಬೇಡ, ಮತ್ತೊಮ್ಮೆ ಪಾಠ. ತರಬೇತಾದವರನ್ನು ಎರಡು ವರ್ಷವಾದರೂ ಅದೇ ಜಾಗದಲ್ಲಿ ಬಿಡಬೇಕು.

ಐದನೆಯದು ಮುಖ್ಯ, ಅದಕ್ಕೆ ಸಮಯ ಈಗಲೇ. ದೊಡ್ಡಾಸ್ಪತ್ರೆಯ ಊಟದ ಗುತ್ತಿಗೆ ಈ ತಿಂಗಳು ಮುಗಿಯುತ್ತದೆ, ಹೊಸ ಟೆಂಡರು ಕರೆಯುತ್ತಾರೆ. ಅಕ್ಕಿ ಯಾವುದು, ಬೇಳೆ ಎಷ್ಟು ಗ್ರಾಮು, ಹಾಲು ಎಷ್ಟು ಮಿಲಿ ಅಂತ ಪುಟಗಟ್ಟಲೆ ಬರೆಯುವ ಆ ಕಾಗದದಲ್ಲಿ ಒಂದೇ ಒಂದು ಸಾಲು ಸೇರಿಸಲಿ: ಸಕ್ಕರೆ ಕಾಯಿಲೆಯವರ ತಿಂಡಿ ಬೆಳಿಗ್ಗೆ ಏಳೂವರೆಗೆ ವಾರ್ಡಿನಲ್ಲಿರಬೇಕು, ಹಾಲಿಗೆ ಸಕ್ಕರೆ ಇರಕೂಡದು, ತಪ್ಪಿದರೆ ಆ ದಿನದ ಬಿಲ್ಲಿಲ್ಲ. ಸೂಜಿಯ ಸಮಯವನ್ನೂ ಏಳಕ್ಕೆ ಇಡಲಿ. ರಾತ್ರಿ ಪಾಳಿಯವರಿಗೂ ತೊಂದರೆಯಿಲ್ಲ.

ಗುಮಾಸ್ತರು ಈಗ ಮನೆಯಲ್ಲಿದ್ದಾರೆ. ಎಡಗಾಲಿನ ಎರಡು ಬೆರಳು ಹೋಗಿವೆ, ಪಾದ ಉಳಿದಿದೆ. ಹೂವಿನವಳು ಮಗನನ್ನು ಕರಕೊಂಡು ಊರಿಗೆ ಹೋದಳು. ಅವರ ಮಂಚಗಳಿಗೆ ಆಗಲೇ ಬೇರೆಯವರು ಬಂದಾಗಿದೆ. ನಾಳೆ ಬೆಳಿಗ್ಗೆಯೂ 6ಕ್ಕೆ ಲೈಟು ಹಾಕುತ್ತಾರೆ, ಟ್ರೇ ಬರುತ್ತದೆ.

ಪಕ್ಕದ ಮಂಚದವರ ಚೀಲದಲ್ಲಿ ಬೆಲ್ಲ ಇರುತ್ತದೆ ಅಂತ ಏನು ಗ್ಯಾರಂಟಿ? ಜಿಲ್ಲಾ ಶಸ್ತ್ರಚಿಕಿತ್ಸಕರು ಟೆಂಡರಿಗೆ ಸಹಿ ಹಾಕುವ ಮುಂಚೆ ಇದೊಂದನ್ನು ಯೋಚಿಸಲಿ.